ಆ ಸೂಜಿ ಘಾಟಿ ಹತ್ತಲಿ

ಮಲೆನಾಡಿನವರಿಗೆ ತಲೆನೋವಿನ ಭಯ ಗೊತ್ತಿಲ್ಲ ಅನ್ನುವಂತಿಲ್ಲ. ಚಳಿಗಾಲ ಕಾಲಿಟ್ಟು ಕಾಡು ಒಣಗತೊಡಗಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಲ್ಲಿ ಎಲ್ಲರ ಕಿವಿ ನಿಮಿರುತ್ತದೆ. ಎಲ್ಲಾದರೂ ಮಂಗ ಸತ್ತು ಬಿದ್ದಿದೆಯೇ, ಯಾರಿಗಾದರೂ ಜ್ವರದ ಜೊತೆ ತಲೆ ಸಿಡಿಯುತ್ತಿದೆಯೇ ಎಂದು ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ವಿಚಾರಿಸುತ್ತಾರೆ. ಸೊಪ್ಪಿಗೂ ದರಗಿಗೂ ಹೋಗುವವರು ಉಣ್ಣೆ ಹತ್ತದಂತೆ ಕೈಕಾಲಿಗೆ ಎಣ್ಣೆ ಸವರಿಕೊಂಡು ಹೊರಡುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕ ಮಂಗನ ಕಾಯಿಲೆ 2019ರ ಹೊತ್ತಿಗೆ ಸಾಗರದ ಅರಳಗೋಡನ್ನು ಹೇಗೆ ನಡುಗಿಸಿತೆಂಬುದು ಇನ್ನೂ ನೆನಪಿನಲ್ಲಿದೆ. ಆ ತಲೆನೋವಿಗೆ ಹೆದರಿದ್ದರಿಂದಲೇ ನಾವು ಪ್ರಯೋಗಾಲಯ ಬೇಕೆಂದೆವು, ಲಸಿಕೆ ಬೇಕೆಂದೆವು, ಆಂಬ್ಯುಲೆನ್ಸ್ ಬೇಕೆಂದೆವು. ಕೇಳಿದ್ದು ಸರಿಯಾಗಿಯೇ ಇತ್ತು.

ಅದೇ ಮನೆಯ ಒಳಕೋಣೆಯಲ್ಲಿ ಇನ್ನೊಂದು ತಲೆನೋವು ಬಾಗಿಲು ಹಾಕಿಕೊಂಡು ಮಲಗಿದೆ. ಅದಕ್ಕೆ ಜ್ವರವಿಲ್ಲ, ಅಂಟುವುದಿಲ್ಲ, ಸಾಯಿಸುವುದಿಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ಒಬ್ಬಳ ಬದುಕನ್ನು ತುಸುತುಸುವೇ ತಿನ್ನುತ್ತದೆ, ಅಷ್ಟೆ. ಅದರ ಬಗ್ಗೆ ಯಾವ ಸಮೀಕ್ಷೆಯವರೂ ಬಾಗಿಲು ತಟ್ಟುವುದಿಲ್ಲ, ಯಾವ ಗ್ರಾಮಸಭೆಯಲ್ಲೂ ಯಾರೂ ಎದ್ದು ನಿಂತು ಮಾತಾಡುವುದಿಲ್ಲ. ಮನೆಯವರು ಕೇಳುವುದು ಒಂದೇ ಮಾತು: “ತಲೆನೋವು ತಾನೆ?”

ಈ ಮಾತನ್ನು ನಾವು ಇನ್ನು ನಿಲ್ಲಿಸಬೇಕು. ಮೈಗ್ರೇನ್ ಎಂಬ ಈ ಅರೆತಲೆನೋವಿಗೆ ಚಿಕಿತ್ಸೆಯಿದೆ. ಮಾತ್ರೆಗಳಿಗೆ ಬಗ್ಗದ ಹಟಮಾರಿ ನೋವಿಗೂ ಒಂದು ಸಣ್ಣ ಸೂಜಿಯಿದೆ. ಅದರೊಳಗಿನ ಔಷಧ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಹೊಸದಲ್ಲ. ಹೀಗಿದ್ದೂ ಆಗುಂಬೆಯ ಒಬ್ಬ ಹೆಂಗಸು ನರಳುತ್ತಿದ್ದರೆ ಅದನ್ನು ಹಣೆಬರಹಕ್ಕೆ ಬರೆಯುವಂತಿಲ್ಲ. ಅದು ನಮ್ಮ ಲೆಕ್ಕಕ್ಕೇ ಬರುತ್ತದೆ.

ಅಡಿಕೆ ಕೊಯ್ಲಿನ ದಿನಗಳನ್ನೇ ನೋಡಿ. ಅಂಗಳದಲ್ಲಿ ಗೊನೆಗಳ ರಾಶಿ. ರಾತ್ರಿ ಊಟ ಮುಗಿಸಿ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರು ಸುಲಿದು ಏಳುವಾಗ ಹನ್ನೆರಡು ಹೊಡೆದಿರುತ್ತದೆ. ಬೆಳಗಿನ ಜಾವಕ್ಕೇ ಕೊಟ್ಟಿಗೆಯಲ್ಲಿ ದನ ಕೂಗುತ್ತದೆ. ಹಂಡೆಯಲ್ಲಿ ಅಡಿಕೆ ಬೇಯುತ್ತಿದೆ, ಚೊಗರಿನ ಘಾಟು ಮೂಗಿಗೆ, ಹಸಿ ಸೌದೆಯ ಹೊಗೆ ಕಣ್ಣಿಗೆ. ಆಳುಗಳಿಗೆ ತಿಂಡಿ ಕೊಟ್ಟು ತಾನು ತಿನ್ನುವಾಗ ಹೊತ್ತು ಮೀರಿದೆ. ಸಂಕಷ್ಟಿಯಾದರೆ ಅದೂ ಇಲ್ಲ. ನಿದ್ದೆಗೆಟ್ಟದ್ದು, ಹಸಿದದ್ದು, ಹೊಗೆ, ಘಾಟು ಎಲ್ಲ ಒಂದೇ ದಿನ ಕೂಡಿಬಂದರೆ ಮೈಗ್ರೇನನ್ನು ಕೈಹಿಡಿದು ಕರೆತಂದ ಹಾಗೆಯೇ.

ಮೊದಲು ಕುತ್ತಿಗೆಯ ಹಿಂಬದಿ ಬಿಗಿಯುತ್ತದೆ. ಆಕಳಿಕೆಯ ಮೇಲೆ ಆಕಳಿಕೆ. ಕೆಲವರಿಗೆ ಕಣ್ಣೆದುರು ಅಂಕುಡೊಂಕಾದ ಬೆಳಕಿನ ಗೆರೆ ಮಿನುಗಿ ಅರ್ಧ ನೋಟವೇ ಮಾಯವಾಗುತ್ತದೆ. ಆಮೇಲೆ ಒಂದು ಕಣ್ಣಿನ ಹಿಂದೆ ಹುಟ್ಟಿದ ನೋವು ಅರ್ಧ ತಲೆಗೆ ಹಬ್ಬಿ, ಎದೆಬಡಿತದ ಲಯಕ್ಕೆ ಸರಿಯಾಗಿ ಕುಟ್ಟತೊಡಗುತ್ತದೆ. ಕಿಟಕಿಯ ಬೆಳಕು ಚುಚ್ಚುತ್ತದೆ. ಮಿಕ್ಸಿ ಸದ್ದು, ಒಗ್ಗರಣೆ ವಾಸನೆ, ಮಗುವಿನ ಕೂಗು ಒಂದೊಂದೂ ಒಂದು ಏಟು. ಬಗ್ಗಿದರೆ ಹೆಚ್ಚು, ಮೆಟ್ಟಿಲು ಹತ್ತಿದರೆ ಇನ್ನೂ ಹೆಚ್ಚು. ಹೊಟ್ಟೆ ತೊಳಸಿ ಬಚ್ಚಲಿಗೆ ಓಡುತ್ತಾಳೆ. ಇದು ನಾಲ್ಕು ಗಂಟೆಗೆ ಮುಗಿಯಬಹುದು, ಮೂರು ದಿನ ಎಳೆಯಲೂಬಹುದು. ಇಂಥ ದಿನಗಳೂ ಬರಿಯ ತಲೆನೋವಿನ ದಿನಗಳೂ ಸೇರಿ ತಿಂಗಳಿಗೆ ಹದಿನೈದೋ ಅದಕ್ಕಿಂತ ಹೆಚ್ಚೋ ಆಗಿ, ಅವುಗಳಲ್ಲಿ ಕನಿಷ್ಠ ಎಂಟು ದಿನ ಮೈಗ್ರೇನಿನ ಲಕ್ಷಣವಿದ್ದು, ಮೂರು ತಿಂಗಳು ದಾಟಿದರೆ ವೈದ್ಯಶಾಸ್ತ್ರ ಅದಕ್ಕೆ ದೀರ್ಘಕಾಲಿಕ ಮೈಗ್ರೇನ್ ಎನ್ನುತ್ತದೆ. ಅಂದರೆ ತಿಂಗಳಲ್ಲಿ ಅರ್ಧ ತಿಂಗಳು ಆಕೆ ಬದುಕಿರುವುದು ಹಲ್ಲುಕಚ್ಚಿ.

ಮನೆಯ ಪ್ರತಿಕ್ರಿಯೆ ಏನು? “ಪಿತ್ತ ಕೆದರಿದೆ, ಲಿಂಬೆಹಣ್ಣಿನ ಪಾನಕ ಕುಡಿ.” ತಪ್ಪೇನಿಲ್ಲ, ಪ್ರೀತಿಯಿಂದಲೇ ಹೇಳುವ ಮಾತು. ಎರಡನೇ ವಾರಕ್ಕೆ ಪ್ರೀತಿ ತೆಳುವಾಗುತ್ತದೆ: “ಎಂತದು ಮಾರಾಯ್ತಿ, ನಿಂದು ಯಾವಾಗ್ಲೂ ಇದೇ ಆಯ್ತಲ್ಲ.” ಮೂರನೆಯ ತಿಂಗಳಿಗೆ ಅತ್ತೆಯ ಬಾಯಲ್ಲಿ, “ನಮಗೇನು ತಲೆ ಇರಲಿಲ್ವಾ?” ನೆಂಟರ ಮದುವೆಗೆ ಹೋಗದಿದ್ದರೆ ಸೊಕ್ಕು, ಹೋಗಿ ಮೂಲೆಯಲ್ಲಿ ಕೂತರೆ ಬಿಗುಮಾನ, ಕೋಣೆ ಕತ್ತಲೆ ಮಾಡಿ ಮಲಗಿದರೆ ಕೆಲಸಗಳ್ಳತನ. ಕೂಲಿಗೆ ಹೋಗುವ ಹೆಂಗಸಿಗಂತೂ ಆ ಕತ್ತಲೆ ಕೋಣೆಯೂ ಇಲ್ಲ. ಮಲಗಿದರೆ ಆ ದಿನದ ಕೂಲಿ ಹೋಯಿತು. ಹಣೆಗೆ ಬಟ್ಟೆ ಬಿಗಿದು, ಅಮೃತಾಂಜನ ತಿಕ್ಕಿಕೊಂಡು, ಕಂಬಳಿ ಕೊಪ್ಪೆ ಹಾಕಿಕೊಂಡು ಆಕೆ ಸುರಿವ ಮಳೆಯಲ್ಲೇ ಬಗ್ಗಿ ಸಸಿ ನೆಡುತ್ತಾಳೆ. ಬಗ್ಗಿದಾಗಲೆಲ್ಲ ತಲೆ ಒಡೆಯುತ್ತದೆ. ದಿನವಿಡೀ ಬಗ್ಗಿಯೇ ಇರಬೇಕು.

ಈ ನೋವನ್ನು ಮೊನ್ನೆ ಮೊನ್ನೆ ಪೇಟೆಯವರು ಹುಟ್ಟಿಸಿದ್ದಲ್ಲ. ಸುಶ್ರುತ ಸಂಹಿತೆ ಎಣಿಸುವ ಹನ್ನೊಂದು ಶಿರೋರೋಗಗಳಲ್ಲಿ ಅರ್ಧಾವಭೇದಕವೂ ಒಂದು. ಜಗತ್ತಿನ ರೋಗಭಾರವನ್ನು ಲೆಕ್ಕಹಾಕಿದ 2019ರ ಅಧ್ಯಯನದಲ್ಲಿ, ಜನರ ಬದುಕನ್ನು ನಿತ್ಯ ಕುಂಠಿಸುವ ಕಾಯಿಲೆಗಳ ಸಾಲಿನಲ್ಲಿ ಮೈಗ್ರೇನಿಗೆ ಎರಡನೇ ಸ್ಥಾನ. ಐವತ್ತರೊಳಗಿನ ಹೆಂಗಸರನ್ನಷ್ಟೇ ತೆಗೆದುಕೊಂಡರೆ ಮೊದಲನೇ ಸ್ಥಾನ. ನಮ್ಮ ರಾಜ್ಯದ್ದೇ ಲೆಕ್ಕ ಬೇಕೆನ್ನುವವರಿಗೆ ಅದೂ ಇದೆ. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ 2,329 ಮಂದಿಯನ್ನು ಮನೆಗೇ ಹೋಗಿ ವಿಚಾರಿಸಿದರು. ನಾಲ್ವರಲ್ಲಿ ಒಬ್ಬರಿಗೆ ವರ್ಷದಲ್ಲಿ ಒಮ್ಮೆಯಾದರೂ ಮೈಗ್ರೇನ್ ಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎಂಬುದು ನಿರೀಕ್ಷಿತವೇ. ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು ಎಂಬುದು ಮಾತ್ರ “ಇದೆಲ್ಲ ಕಂಪ್ಯೂಟರ್ ಮುಂದೆ ಕೂರುವವರ ಕಾಯಿಲೆ” ಎನ್ನುವವರ ಬಾಯಿ ಮುಚ್ಚಿಸಬೇಕಾದ ಸಂಗತಿ.

ನಮ್ಮ ಊರುಗಳಲ್ಲಿ ಈ ನೋವಿಗೆ ಸಿಗುವ ವೈದ್ಯ ಯಾರು? ಬಸ್ ಸ್ಟ್ಯಾಂಡಿನ ಅಂಗಡಿ. ಬೀಡಿ, ಬೆಂಕಿಪೊಟ್ಟಣ, ಶಾಂಪೂ ಸ್ಯಾಶೆಗಳ ನಡುವೆ ತಲೆನೋವಿನ ಮಾತ್ರೆಯ ಪಟ್ಟಿಯೂ ತೂಗುತ್ತಿರುತ್ತದೆ. “ಎರಡು ಕೊಡಿ” ಎಂದರೆ ಹರಿದು ಕೊಡುತ್ತಾರೆ. ಒಂದು ಮಾತ್ರೆ, ಮೇಲೊಂದು ಸ್ಟ್ರಾಂಗ್ ಕಾಫಿ. ತಿಂಗಳಿಗೆ ನಾಲ್ಕು ಬಾರಿಯಾದರೆ ನಡೆಯುತ್ತದೆ. ನಿತ್ಯವೂ ಆದರೆ ಆ ಮಾತ್ರೆಯೇ ತಿರುಗಿ ಬೀಳುತ್ತದೆ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ ಹದಿನೈದು ದಿನ ಅಥವಾ ಹೆಚ್ಚು, ಹಲವು ಔಷಧ ಕೂಡಿಸಿ ಮಾಡಿದ ಮಾತ್ರೆಯನ್ನು ಹತ್ತು ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ಮೀರಿ ನುಂಗಿದರೆ ನೋವು ಇಳಿಯುವ ಬದಲು ನಿತ್ಯದ್ದಾಗಿ ಬೇರುಬಿಡುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ತಲೆ ಭಾರ, ಮಾತ್ರೆ ನುಂಗಿದರೆ ಎರಡು ಗಂಟೆ ಹಗುರ, ಸಂಜೆಗೆ ಮತ್ತೆ ಭಾರ. ಈ ಸುಳಿಗೆ ಸಿಕ್ಕವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಹೊಟ್ಟೆ ಉರಿ, ಮೂತ್ರಪಿಂಡದ ತೊಂದರೆ ಇದರ ಹಿಂದೆಯೇ ಬರುತ್ತವೆ. ಆ ಮಾತ್ರೆಯನ್ನು ಹರಿದು ಕೊಡುವವರೂ, “ಅಮ್ಮನಿಗೆ ಎರಡು ತಗೊಂಡು ಬಾ” ಎಂದು ಮಗನನ್ನು ಕಳಿಸುವವರೂ, ಔಷಧ ಅಂಗಡಿಯಲ್ಲಿ ಚೀಟಿ ಕೇಳದವರೂ ಇದರಲ್ಲಿ ಪಾಲುದಾರರೇ.

ಸರಿಯಾದ ದಾರಿ ಇಲ್ಲದಿಲ್ಲ. ನೋವು ಶುರುವಾದ ಕೂಡಲೇ ನುಂಗುವ ಸುಮಾಟ್ರಿಪ್ಟಾನ್‌ನಂಥ ಮಾತ್ರೆಗಳಿವೆ. ನೋವು ಬಾರದಂತೆ ತಡೆಯಲು ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್, ಟೋಪಿರಮೇಟ್ ಇವೆ. ಯಾರಿಗೆ ಯಾವುದು ಎಂದು ವೈದ್ಯರು ನೋಡಿ ಕೊಡಬೇಕು, ಎರಡು ಮೂರು ತಿಂಗಳು ಬಿಡದೆ ತೆಗೆದುಕೊಳ್ಳಬೇಕು. ಉಬ್ಬಸವಿರುವವರಿಗೆ ಒಂದು ಆಗದು, ಬಸುರಿಯಾಗಬಯಸುವವರಿಗೆ ಇನ್ನೊಂದು ಆಗದು. ಇವುಗಳಿಗೂ ಜಗ್ಗದಿದ್ದರೆ ಹಣೆ, ಕಣತಲೆ, ಕುತ್ತಿಗೆ, ಭುಜದ 31 ಕಡೆ ಚುಚ್ಚುವ ಬೊಟಾಕ್ಸ್ ಇದೆ, ಹೊಸ ಕಾಲದ ಪ್ರತಿಕಾಯ ಚುಚ್ಚುಮದ್ದುಗಳಿವೆ. ಅವು ಸಾವಿರಗಳ ಲೆಕ್ಕದವು, ದೊಡ್ಡ ಊರಿನವು, ಮತ್ತೆ ಮತ್ತೆ ಮಾಡಿಸಬೇಕಾದವು. ಕೂಲಿಯವರು ಹಾಗಿರಲಿ, ಎರಡೆಕರೆ ತೋಟದವರೂ ಅತ್ತ ತಲೆಹಾಕುವುದು ಕಷ್ಟ.

ಇವೆರಡರ ನಡುವೆ, ಮಾತ್ರೆ ಸೋತಲ್ಲಿಂದ ದುಬಾರಿ ಚಿಕಿತ್ಸೆ ಶುರುವಾಗುವವರೆಗಿನ ಜಾಗದಲ್ಲಿ, ನರ್ವ್ ಬ್ಲಾಕ್ ನಿಂತಿದೆ. ನರಕ್ಕೆ ಕೊಡುವ, ನೋವಿನ ಸಂದೇಶವನ್ನು ತಡೆಹಿಡಿಯುವ ಇಂಜೆಕ್ಷನ್ ಇದು.

ಇದನ್ನು ಮಾಡುವುದು ಹೇಗೆಂದು ಹತ್ತಿರದಿಂದ ನೋಡಿದರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ರೋಗಿಯನ್ನು ಸ್ಟೂಲಿನ ಮೇಲೆ ಕೂರಿಸಿ ಹಣೆಯನ್ನು ಮೇಜಿಗೆ ಆನಿಸುತ್ತಾರೆ. ವೈದ್ಯರ ಒಂದು ಬೆರಳು ತಲೆಬುರುಡೆಯ ಹಿಂದಿನ ಉಬ್ಬಿನ ಮೇಲೆ, ಇನ್ನೊಂದು ಕಿವಿಯ ಹಿಂದಿನ ಮೂಳೆಯ ಮೇಲೆ. ಉಬ್ಬಿನಿಂದ ಕಿವಿಯತ್ತ ಮೂರರಲ್ಲೊಂದು ಪಾಲು ಸರಿದು ಒತ್ತಿದರೆ ಎಷ್ಟೋ ಜನ “ಹಾ, ಅಲ್ಲೇ!” ಎನ್ನುತ್ತಾರೆ. ಗ್ರೇಟರ್ ಆಕ್ಸಿಪಿಟಲ್ ಎಂಬ ನರ ಮೇಲೇರುವುದು ಅಲ್ಲಿಯೇ. ತಲೆ ಬೋಳಿಸಬೇಕಿಲ್ಲ, ಜಡೆ ಪಕ್ಕಕ್ಕೆ ಸರಿಸಿ ಸ್ಪಿರಿಟ್ ಒರೆಸಿದರೆ ಸಾಕು. ಸಣ್ಣ ಸೂಜಿ ಚರ್ಮದಡಿ ಇಳಿಯುತ್ತದೆ. ರಕ್ತನಾಳ ಪಕ್ಕದಲ್ಲೇ ಇರುವುದರಿಂದ ಸಿರಿಂಜನ್ನು ಮೊದಲು ಹಿಂದಕ್ಕೆಳೆದು ರಕ್ತ ಬರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡು ಮೂರು ಎಂ.ಎಲ್. ಔಷಧವನ್ನು ನಿಧಾನಕ್ಕೆ ಬಿಡುತ್ತಾರೆ. ಬೇಕಾದರೆ ಇನ್ನೊಂದು ಬದಿಗೂ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಸ್ವಲ್ಪ ಹೊತ್ತಿಗೆ ತಲೆಯ ಹಿಂಬದಿ ಮರಗಟ್ಟುತ್ತದೆ. ಇಂಜೆಕ್ಷನ್ ಸರಿಯಾದ ಜಾಗಕ್ಕೆ ಬಿದ್ದಿದೆ ಎಂಬುದಕ್ಕೆ ಅದೇ ಗುರುತು. ಅರ್ಧ ಗಂಟೆ ಕೂರಿಸಿ, ತಲೆಸುತ್ತು ಇಲ್ಲವೆಂದು ನೋಡಿ, ಮನೆಗೆ ಕಳಿಸುತ್ತಾರೆ.

ನೋವು ಕಣ್ಣಿನ ಹಿಂದೆ, ಸೂಜಿ ಕುತ್ತಿಗೆಯ ಮೇಲೆ. ಇದೆಂಥ ಸಂಬಂಧ ಎಂದು ಯಾರಾದರೂ ಕೇಳಬಹುದು. ಮುಖ, ಹಣೆಯ ನೋವನ್ನು ಹೊತ್ತು ತರುವ ಟ್ರೈಜೆಮಿನಲ್ ನರದ ಎಳೆಗಳೂ, ಕುತ್ತಿಗೆಯ ಮೇಲ್ಭಾಗದಿಂದ ಬರುವ ನರದ ಎಳೆಗಳೂ ಮಿದುಳಿನ ಬುಡದಲ್ಲಿ ಒಂದೇ ನೆಲೆಗೆ ಬಂದು ಸೇರುತ್ತವೆ, ಎರಡು ಹಳ್ಳ ಒಂದೇ ಹೊಳೆಗೆ ಕೂಡುವ ಹಾಗೆ. ಒಂದು ಹಳ್ಳಕ್ಕೆ ಕಟ್ಟು ಹಾಕಿದರೆ ಹೊಳೆಯ ರಭಸವೂ ತಗ್ಗುತ್ತದೆ. ಮರಗಟ್ಟಿದ್ದು ಕೆಲವು ಗಂಟೆಗಳಲ್ಲಿ ಬಿಟ್ಟರೂ ನೋವಿನ ಇಳಿತ ಕೆಲವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಅಷ್ಟು ದಿನ ಹೇಗೆ ಉಳಿಯುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಇನ್ನೂ ಪೂರ್ಣ ಉತ್ತರವಿಲ್ಲ. ಆದರೆ ಆ ವಾರಗಳ ಬೆಲೆ ಅಡಿಕೆ ಸುಲಿಯುವವಳಿಗೆ ಗೊತ್ತು. ನಿತ್ಯದ ಮಾತ್ರೆಯಿಂದ ಬಿಡಿಸಿಕೊಳ್ಳಲು, ತಡೆಮಾತ್ರೆ ಹಿಡಿತಕ್ಕೆ ಬರುವವರೆಗೆ ಉಸಿರಾಡಲು ಆಕೆಗೆ ಸಿಗುವ ಬಿಡುವು ಅದು.

ಆಸೆ ಹುಟ್ಟಿಸಿ ಮೋಸ ಮಾಡುವುದೂ ಪಾಪವೇ, ಆದ್ದರಿಂದ ಇದರ ಮಿತಿಯನ್ನೂ ಹೇಳಬೇಕು. ಇದು ಮೈಗ್ರೇನನ್ನು ಬೇರುಸಹಿತ ಕೀಳುವುದಿಲ್ಲ. ಎಲ್ಲರಿಗೂ ಫಲ ಕೊಡುವುದಿಲ್ಲ. 2015ರಲ್ಲೇ ಪ್ರಕಟವಾದ ಎರಡು ಪ್ರಯೋಗಗಳನ್ನು ನೋಡಿ: ಟರ್ಕಿಯ ವೈದ್ಯರು ದೀರ್ಘಕಾಲಿಕ ಮೈಗ್ರೇನ್ ರೋಗಿಗಳಿಗೆ ವಾರಕ್ಕೊಮ್ಮೆ ಬುಪಿವಕೇನ್ ಕೊಟ್ಟಾಗ ಉಪ್ಪುನೀರು ಕೊಟ್ಟವರಿಗಿಂತ ಅವರ ನೋವಿನ ದಿನಗಳು ಚೆನ್ನಾಗಿ ಇಳಿದವು, ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ ಒಂದೇ ಬಾರಿ ಸ್ಟೀರಾಯ್ಡ್ ಬೆರೆಸಿ ಕೊಟ್ಟ ಇಂಜೆಕ್ಷನ್ನಿಗೂ ಹೆಸರಿಗಷ್ಟೇ ಕೊಟ್ಟ ಇಂಜೆಕ್ಷನ್ನಿಗೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಸಾಕ್ಷ್ಯ ಬೆಳೆದಿದೆ. ತುರ್ತು ಚಿಕಿತ್ಸಾ ಘಟಕಕ್ಕೆ ತಲೆ ಹಿಡಿದುಕೊಂಡು ಬರುವ ಮೈಗ್ರೇನ್ ರೋಗಿಗೆ ನೀಡಲೇಬೇಕಾದ ಚಿಕಿತ್ಸೆಗಳ ಸಾಲಿಗೆ ಅಮೆರಿಕದ ತಲೆನೋವು ತಜ್ಞರ ಸಂಘ ಇತ್ತೀಚೆಗೆ ಇದನ್ನು ಸೇರಿಸಿದೆ. ಅಡ್ಡಪರಿಣಾಮಗಳೂ ಇವೆ: ಚುಚ್ಚಿದಲ್ಲಿ ನೋವು, ತಲೆಸುತ್ತು, ಸ್ಟೀರಾಯ್ಡ್ ಬೆರೆಸಿದರೆ ಆ ಜಾಗದಲ್ಲಿ ಒಂದಿಷ್ಟು ಕೂದಲು ಉದುರುವುದು. ತಲೆಬುರುಡೆಗೆ ಶಸ್ತ್ರಚಿಕಿತ್ಸೆ ಆದವರೂ ಮರಗಟ್ಟಿಸುವ ಮದ್ದು ಒಗ್ಗದವರೂ ಮೊದಲೇ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರೂ ಅದನ್ನು ವೈದ್ಯರ ಗಮನಕ್ಕೆ ತರಬೇಕು. ಕಲಿತ ಕೈಯೇ ಮಾಡಬೇಕು, ತುರ್ತಿಗೆ ಬೇಕಾದ ಸಾಮಗ್ರಿ ಪಕ್ಕದಲ್ಲಿರಬೇಕು. ಇಷ್ಟೆಲ್ಲ ಹೇಳಿದ ಮೇಲೂ, ಇತರ ಚಿಕಿತ್ಸೆಗಳಿಗೆ ಹೋಲಿಸಿದರೆ ಇದು ಅಗ್ಗದ್ದು, ಚುಟುಕಿನದು, ಬಸುರಿಯರಿಗೆ ಹೆಚ್ಚಿನ ಮಾತ್ರೆಗಳು ಆಗದಿದ್ದಾಗ ವೈದ್ಯರು ಯೋಚಿಸಬಹುದಾದ ಕೆಲವೇ ದಾರಿಗಳಲ್ಲಿ ಒಂದು.

ಈಗ ಆತ್ಮಸಾಕ್ಷಿಯ ಪ್ರಶ್ನೆಗೆ ಬರೋಣ. ಆ ಸಿರಿಂಜಿನೊಳಗೆ ಇರುವುದು ಏನು? ಲಿಗ್ನೋಕೇನ್, ಇಲ್ಲವೇ ಬುಪಿವಕೇನ್. ಲಿಗ್ನೋಕೇನ್ 1940ರ ದಶಕದಲ್ಲಿ ಸ್ವೀಡನ್ನಿನಲ್ಲಿ ತಯಾರಾದದ್ದು. ಹಲ್ಲು ಕೀಳಿಸಿಕೊಂಡವರಿಗೆಲ್ಲ ಅದರ ಪರಿಚಯವಿದೆ. ಗಾಯಕ್ಕೆ ಹೊಲಿಗೆ ಹಾಕುವ ಯಾವ ಆಸ್ಪತ್ರೆಯಲ್ಲೂ ಅದಿಲ್ಲದೆ ನಡೆಯದು. ಬುಪಿವಕೇನ್ ಸಿಸೇರಿಯನ್ ಹೆರಿಗೆಗೆ ಬೆನ್ನುಹುರಿಯ ಪಕ್ಕ ಕೊಡುವ ಮದ್ದು. ಎರಡೂ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಸಿಸೇರಿಯನ್ ನಡೆಯುವ ತಾಲ್ಲೂಕು ಆಸ್ಪತ್ರೆಯೆಂದರೆ ಅಲ್ಲಿ ಅರಿವಳಿಕೆ ವೈದ್ಯರಿದ್ದಾರೆ ಎಂದೇ ಅರ್ಥ. ಬೆನ್ನೆಲುಬಿನ ಸಂದಿಗೆ ಸೂಜಿ ಇಳಿಸಬಲ್ಲ ಕೈಗೆ ತಲೆಯ ಹಿಂಬದಿಯ ಚರ್ಮದಡಿ ಇಳಿಸುವುದು ದೊಡ್ಡ ವಿದ್ಯೆಯಲ್ಲ. ಔಷಧ ಬಂದು ಕೂತಿದೆ, ಕೈ ಬಂದು ಕೂತಿದೆ. ಬಾರದೆ ಉಳಿದಿರುವುದು ಈ ನೋವಿಗೂ ಚಿಕಿತ್ಸೆ ಕೊಡಬೇಕೆಂಬ ಮನಸ್ಸು ಮಾತ್ರ.

ಅದು ಬಾರದ್ದರಿಂದ ಏನಾಗುತ್ತದೆ? ಆಗುಂಬೆಯ ಹೆಂಗಸಿಗೆ ನರರೋಗ ತಜ್ಞರು ಬೇಕೆಂದರೆ ಎರಡೇ ದಾರಿ. ಒಂದು, ತೀರ್ಥಹಳ್ಳಿ ದಾಟಿ ಸುಮಾರು 90 ಕಿ.ಮೀ. ದೂರದ ಶಿವಮೊಗ್ಗ. ಇನ್ನೊಂದು, ಘಾಟಿ ಇಳಿದು ಸೋಮೇಶ್ವರ, ಹೆಬ್ರಿ ಮೇಲೆ ಮಣಿಪಾಲ. ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಿಂದ ಅಲ್ಲಿದೆ. ಘಟ್ಟದ ಮೇಲಿನವರು ದೊಡ್ಡ ಕಾಯಿಲೆಗೆಲ್ಲ ಅತ್ತಲೇ ಇಳಿಯುತ್ತಾರೆ. ಆದರೆ ನಡುವೆ 14 ಹಿಮ್ಮುರಿ ತಿರುವುಗಳಿವೆ. ಸೂರ್ಯಾಸ್ತ ನೋಡಲು ಬರುವವರಿಗೆ ಅವು ಚೆಂದ. ಬೆಳಕು ಚುಚ್ಚುವ, ಅಲುಗಾಡಿದರೆ ಒಡೆಯುವ, ಡೀಸೆಲ್ ವಾಸನೆಗೇ ವಾಂತಿ ಬರುವ ತಲೆಯನ್ನು ಮಿನಿ ಬಸ್ಸಿನ ಕಿಟಕಿಗೆ ಒರಗಿಸಿಕೊಂಡು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಆ 14 ತಿರುವು ಇಳಿಯುವವಳಿಗೆ ಅವು ಏನೆಂದು ಒಮ್ಮೆ ಯೋಚಿಸಿ. ಇನ್ನು ಮಳೆಗಾಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಕಂಡ ಊರು ಇದು. ಗುಡ್ಡ ಜರಿದರೆ ದಾರಿಯೇ ಇಲ್ಲ. ಸುಮಾರು 350 ಕಿ.ಮೀ. ದೂರದ ಬೆಂಗಳೂರಿನ ನಿಮ್ಹಾನ್ಸ್ ಮಾತು ಬಿಡಿ. ಹತ್ತು ನಿಮಿಷದ ಇಂಜೆಕ್ಷನ್ನಿಗೆ ಒಂದು ದಿನದ ಕೂಲಿ, ಜೊತೆಗೆ ಬರುವವನ ಇನ್ನೊಂದು ಕೂಲಿ, ಬಸ್ ಚಾರ್ಜು, ಮೇಲೆ ಆ ಪ್ರಯಾಣವೇ ಕೊಡುವ ಹೊಸ ತಲೆನೋವು. ಯಾರು ತಾನೆ ಹೋಗುತ್ತಾರೆ? ರೋಗಿ ಘಾಟಿ ಇಳಿಯುವುದಲ್ಲ, ಸೂಜಿ ಘಾಟಿ ಹತ್ತಬೇಕು.

ಅದಕ್ಕೆ ಹೊಸ ಯೋಜನೆ ಹುಟ್ಟಬೇಕಿಲ್ಲ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಆರಂಭಿಸಿತು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನ ಜಯನಗರದಲ್ಲಿ ಮೊದಲಾಗಿ ಬೇರೆ ಜಿಲ್ಲೆಗಳಿಗೂ ಅದು ಹಬ್ಬಿತು. ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆಗಳ ಜೊತೆಗೆ ತಲೆನೋವಿನ ಹೆಸರೂ ಅದರಲ್ಲಿ ಸ್ಪಷ್ಟವಾಗಿ ಇದೆ. ಪ್ರಾಥಮಿಕ ಹಂತದ ವೈದ್ಯರಿಗೆ ತರಬೇತಿ ಕೊಡುವುದೂ ಅದರ ಉದ್ದೇಶಗಳಲ್ಲಿ ಒಂದು. ಕಾಗದದ ಮೇಲೆ ತಲೆನೋವು ಕಾಯಿಲೆಯಾಗಿ ಮಾನ್ಯವಾಗಿದೆ. ಆ ಮಾನ್ಯತೆ ಜಿಲ್ಲಾಸ್ಪತ್ರೆಯ ಬಾಗಿಲಲ್ಲೇ ನಿಲ್ಲದೆ ತಾಲ್ಲೂಕಿಗೂ ಬರಲಿ ಎಂದು ಕೇಳುವ ಹಕ್ಕು ನಮಗಿದೆ.

ಆದ್ದರಿಂದ ಈ ಕರೆ.

ಮನೆಯ ಯಜಮಾನರೇ, ಗಂಡಂದಿರೇ, ಅತ್ತೆಯರೇ, ಆಕೆ ನಾಟಕ ಆಡುತ್ತಿಲ್ಲ. ತಿಂಗಳಿಗೆ ಹದಿನೈದು ದಿನ ವಾಂತಿ ಮಾಡಿಕೊಂಡು ನಾಟಕ ಆಡುವಷ್ಟು ಪುರುಸೊತ್ತು ಮಲೆನಾಡಿನ ಯಾವ ಹೆಂಗಸಿಗೂ ಇಲ್ಲ. ನೋವು ಬಂದ ದಿನ ಕೋಣೆ ಕತ್ತಲೆ ಮಾಡಿ, ಒಲೆಯ ಮುಂದೆ ನೀವು ನಿಲ್ಲಿ. ಸುಗ್ಗಿಯಲ್ಲಿ ಆಕೆಗೆ ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಸಿಗುವಂತೆ ನೋಡಿಕೊಳ್ಳಿ. ಪಂಪ್‌ಸೆಟ್ ಕೆಟ್ಟರೆ ಅದೇ ದಿನ ಮೆಕ್ಯಾನಿಕ್ಕನ್ನು ಕರೆಸುತ್ತೀರಿ. ಆಕೆಯನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಲು ಎಷ್ಟು ವರ್ಷ ಬೇಕು?

ನೋವು ತಿನ್ನುತ್ತಿರುವ ಅಕ್ಕತಂಗಿಯರೇ, ಗಂಡಸರಲ್ಲೂ ಇದ್ದೀರಿ, ನಿಮಗೂ ಇದೇ ಮಾತು: ಗೋಡೆಯ ಕ್ಯಾಲೆಂಡರನ್ನು ಉಪಯೋಗಿಸಿ. ನೋವು ಬಂದ ದಿನಕ್ಕೊಂದು ಗುರುತು, ಮಾತ್ರೆ ನುಂಗಿದ ದಿನಕ್ಕೆ ಇನ್ನೊಂದು, ಮುಟ್ಟಿನ ದಿನಕ್ಕೆ ಮತ್ತೊಂದು. ಮೂರು ತಿಂಗಳ ಆ ಹಾಳೆ ವೈದ್ಯರ ಮುಂದೆ ನಿಮ್ಮ ಪರವಾಗಿ ಮಾತಾಡುತ್ತದೆ. ಅಂಗಡಿ ಮಾತ್ರೆ ವಾರಕ್ಕೆ ಎರಡು ದಿನ ಮೀರಿದರೆ ಎಚ್ಚರವಾಗಿ. ಮತ್ತು ಎಲ್ಲ ತಲೆನೋವೂ ಮೈಗ್ರೇನಲ್ಲ. ಜ್ವರದ ಜೊತೆ ಬಂದದ್ದು, ಅದೂ ಕಾಡಿಗೆ ಹೋಗಿಬಂದ ಮೇಲೆ, ಮಂಗನ ಕಾಯಿಲೆ ಇರಬಹುದು. ಸಿಡಿಲು ಬಡಿದಂತೆ ಹಠಾತ್ತನೆ ಬಂದದ್ದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದದ್ದು, ಮಾತು ತೊದಲಿಸಿದ್ದು, ಕೈಕಾಲು ಸೋತದ್ದು, ತಲೆಗೆ ಪೆಟ್ಟು ಬಿದ್ದ ಮೇಲೆ ಬಂದದ್ದು, ಬಸುರಿಯಲ್ಲಿ ಅಥವಾ ಬಾಣಂತಿಯಲ್ಲಿ ಕಂಡದ್ದು ಯಾವುದಕ್ಕೂ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ.

ನಮ್ಮ ವೈದ್ಯರೇ, ಹೊರರೋಗಿಗಳ ಸಾಲು ಉದ್ದವಿದೆ, ಒಬ್ಬರಿಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. ಆ ಎರಡು ನಿಮಿಷದಲ್ಲಿ “ತಿಂಗಳಿಗೆ ಎಷ್ಟು ದಿನ?” ಎಂಬ ಒಂದು ಪ್ರಶ್ನೆ ಹಿಡಿಸುತ್ತದೆ. ನೋವಿನ ಇಂಜೆಕ್ಷನ್ ಕೊಟ್ಟು ಕಳಿಸುವುದು ಸುಲಭ, ಆದರೆ ಮುಂದಿನ ವಾರ ಆಕೆ ಮತ್ತೆ ಅಲ್ಲೇ ನಿಂತಿರುತ್ತಾಳೆ. ತಡೆಮಾತ್ರೆ ಶುರುಮಾಡಿ. ಜಗ್ಗದ ನೋವಿಗೆ ಬ್ಲಾಕ್ ಕಲಿಯಿರಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಅರಿವಳಿಕೆ ವೈದ್ಯರು ತಿಂಗಳಿಗೊಂದು ಮಧ್ಯಾಹ್ನ ಇದಕ್ಕೆಂದು ಮೀಸಲಿಟ್ಟರೆ ಎಷ್ಟು ಮನೆಗಳ ಒಳಕೋಣೆಗೆ ಬೆಳಕು ಬಂದೀತು!

ಆರೋಗ್ಯ ಇಲಾಖೆಯವರೇ, ಮತ ಕೇಳಿ ಬರುವವರೇ, ನಮ್ಮ ಬೇಡಿಕೆ ದೊಡ್ಡದಲ್ಲ. ಶಿವಮೊಗ್ಗದ ವೈದ್ಯಕೀಯ ಕಾಲೇಜಿನಲ್ಲೋ ನಿಮ್ಹಾನ್ಸ್‌ನಲ್ಲೋ ತಾಲ್ಲೂಕಿಗಿಬ್ಬರು ವೈದ್ಯರಿಗೆ ತರಬೇತಿ. ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಂದು ತಲೆನೋವಿನ ದಿನ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಡೆಮಾತ್ರೆಗಳು ಖಾಲಿಯಾಗದಂತೆ ಪೂರೈಕೆ. ಆಶಾ ಕಾರ್ಯಕರ್ತೆಯರ ಮನೆಭೇಟಿಯ ಪುಸ್ತಕದಲ್ಲಿ ತಲೆನೋವಿಗೆಂದು ಒಂದು ಸಾಲು. ಇಷ್ಟಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಯ ಕಲ್ಲೂ ಬೇಡ.

ಊರಿನವರೇ, ಬರುವ ಗ್ರಾಮಸಭೆಯಲ್ಲಿ ರಸ್ತೆ, ಕಾಲುಸಂಕ, ಬೀದಿದೀಪದ ಅರ್ಜಿಗಳ ಜೊತೆ ಇದನ್ನೂ ಒಂದು ಅರ್ಜಿಯಾಗಿ ಬರೆದು ಕೊಡಿ. ನಗುವವರು ನಗಲಿ. ಹೆಂಗಸರೇ ಎದ್ದು ಓದಲಿ, ಪಂಚಾಯಿತಿ ಅದನ್ನು ನಡಾವಳಿಯಲ್ಲಿ ಬರೆದುಕೊಳ್ಳಲಿ. ನೋವು ಸಾಯಿಸುವುದಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಎಣಿಸದೆ ಬಿಡುವ ಊರು, ತನ್ನ ಜನ ಸತ್ತ ಮೇಲಷ್ಟೇ ಅವರ ಬೆಲೆ ಕಟ್ಟುತ್ತದೆ ಎಂದಾಯಿತು. ಅಂಥ ಊರು ನಮ್ಮದಾಗದಿರಲಿ. ಅರ್ಜಿ ಈ ವಾರವೇ ಬರೆಯಿರಿ.